ಮನೆಯಲ್ಲಿಲ್ಲದವರ ಲೆಕ್ಕ

ಮಹಿಳಾ ವಸತಿಗೃಹ, ಮೂರನೇ ಮಹಡಿ
ಮಾರ್ಚ್ 4

ಅಕ್ಕಾ,

ಮೊದಲು ನೀನು ಬೈಯುವುದನ್ನೆಲ್ಲ ಬೈದು ಮುಗಿಸಿಬಿಡು. ನಾನು ಇಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದೇನೆ ಎಂದುಕೋ. ನಿನ್ನ ಎರಡು ಪತ್ರಗಳು ನನ್ನ ದಿಂಬಿನ ಕೆಳಗಿವೆ, ಎರಡಕ್ಕೂ ಉತ್ತರ ಬರೆದಿಲ್ಲ. ಬರೆಯಲು ಕುಳಿತಾಗಲೆಲ್ಲ ಕಚೇರಿಯ ಸಿಟ್ಟೇ ಹಾಳೆಯ ತುಂಬ ಬಂದುಬಿಡುತ್ತಿತ್ತು, ಹರಿದು ಹಾಕುತ್ತಿದ್ದೆ. ಇವತ್ತೂ ಸಿಟ್ಟೇ ಬರುತ್ತಿದೆ, ಆದರೆ ಇದನ್ನು ಹರಿಯುವುದಿಲ್ಲ. ನನ್ನ ಸಿಟ್ಟು ಆರಲಿ ಎಂದು ಕಾದರೆ ನಿನಗೆ ಪತ್ರವೇ ಸಿಗಲಿಕ್ಕಿಲ್ಲ.

ನಾನು ಚೆನ್ನಾಗಿದ್ದೇನೆ. ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೇನೆ, ಆಣೆ ಇಟ್ಟು ಹೇಳಬೇಕೇ? ನನ್ನ ಕೋಣೆಯಲ್ಲಿರುವ ನರ್ಸು ನನ್ನ ಕಾರ್ಮಿಕ ಸಂಘದ ಕರಪತ್ರಗಳ ಕಟ್ಟನ್ನು ನೋಡಿ, "ಇಷ್ಟೆಲ್ಲ ಓದಿ ಯಾರನ್ನ ಬೈಬೇಕು ಅಂತ ಕಲಿತ್ಯಾ?" ಅಂದಳು. "ಯಾರನ್ನ ಅಂತ ಮೊದಲೇ ಗೊತ್ತಿತ್ತು, ಹೇಗೆ ಅಂತ ಕಲಿತೆ" ಅಂದೆ. ಭಾವ ಬಸ್ ಡಿಪೋದಿಂದ ತಂದು ನಿನ್ನ ಹೊಲಿಗೆ ಯಂತ್ರದ ಕೆಳಗೆ ಎಣ್ಣೆ ಸೋರದಂತೆ ಹಾಸುತ್ತಿದ್ದರಲ್ಲ, ಅವೇ ಕರಪತ್ರಗಳು. ನೀನು ಪೆಡಲು ತುಳಿಯುವಾಗ ನಾನು ನೆಲದ ಮೇಲೆ ಮಲಗಿಕೊಂಡು ಯಂತ್ರದಡಿ ಕತ್ತು ತೂರಿಸಿ ಓದುತ್ತಿದ್ದೆ. "ಕಾಲಿಗೆ ಸಿಕ್ಕೀಯೇ ಜಗಳಗಂಟಿ" ಎಂದು ನೀನು ಒದೆಯುತ್ತಿದ್ದೆ. ನನ್ನ ವಿದ್ಯಾಭ್ಯಾಸದ ಅರ್ಧ ಅಲ್ಲೇ ಆಗಿದೆ.

ನಿನ್ನ ಬೆರಳು ಹೇಗಿದೆ? ಮಡಚಲು ಬರುತ್ತಿದೆಯೇ? ಸೂಜಿ ಮುರಿದು ಒಳಗೆ ಉಳಿದು, ಭಾವ ಡಿಪೋದ ಇಕ್ಕಳದಲ್ಲಿ ಎಳೆದರು ಎಂಬುದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಡಿಪೋದಲ್ಲಿ ಭಾವನ ಬೆರಳಿಗೆ ಹಾಗಾಗಿದ್ದರೆ ವಿಮೆ ಬರುತ್ತಿತ್ತು. ನಿನಗೆ ಬಂದದ್ದು ಇಕ್ಕಳ.

ನೀನು ಪ್ರತಿ ಸಲ ಕೇಳುತ್ತೀ, "ಅದೇನು ಕೆಲಸ ಅಂತ ಸರಿಯಾಗಿ ಬರಿ, ಪಕ್ಕದ ಮನೆಯವರು ಕೇಳಿದರೆ ನನಗೆ ಹೇಳೋಕೆ ಬರಲ್ಲ" ಎಂದು. ಬರೆಯುತ್ತೇನೆ, ಅವರಿಗೂ ಓದಿ ಹೇಳು. ಈ ದೇಶದಲ್ಲಿ ಯಾರು ದುಡಿಯುತ್ತಾರೆ, ಎಷ್ಟು ಹೊತ್ತು ದುಡಿಯುತ್ತಾರೆ ಎಂಬುದಕ್ಕೆ ಸರ್ಕಾರದ ಬಳಿ ಮೂರು ಕಡೆ ಅಂಕಿಗಳಿವೆ. ಮನೆಮನೆಗೆ ಹೋಗಿ "ಕಳೆದ ವಾರ ನಿಮ್ಮಲ್ಲಿ ಯಾರ್ಯಾರು ಕೆಲಸ ಮಾಡಿದಿರಿ" ಎಂದು ಕೇಳುವ ಸಮೀಕ್ಷೆ ಒಂದು. ಮಾಲೀಕರನ್ನು "ನಿಮ್ಮಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ" ಎಂದು ಕೇಳುವ ಸಮೀಕ್ಷೆ ಇನ್ನೊಂದು. ಕಾರ್ಮಿಕರ ವಿಮಾ ಕಚೇರಿಯ ನೋಂದಣಿ ಮತ್ತೊಂದು. ಮೂರೂ ಮೂರು ದಿಕ್ಕಿಗೆ ಮುಖ ಮಾಡಿ ಕುಳಿತಿವೆ. ಮನೆಯವರು ತಲೆ ಎಣಿಸುತ್ತಾರೆ, ಮಾಲೀಕರು ಕುರ್ಚಿ ಎಣಿಸುತ್ತಾರೆ, ವಿಮೆಯವರು ಕಾಗದ ಎಣಿಸುತ್ತಾರೆ. ನಮ್ಮ ನರ್ಸನ್ನೇ ತೆಗೆದುಕೋ. ಬೆಳಗ್ಗೆ ದೊಡ್ಡಾಸ್ಪತ್ರೆ, ಸಂಜೆ ಒಂದು ಖಾಸಗಿ ದವಾಖಾನೆ. ಮನೆ ಸಮೀಕ್ಷೆಯಲ್ಲಿ ಅವಳು ಒಬ್ಬಳು, ಮಾಲೀಕರ ಸಮೀಕ್ಷೆಯಲ್ಲಿ ಇಬ್ಬರು. ದವಾಖಾನೆಯವನು ಅವಳನ್ನು ವಿಮೆಗೆ ಬರೆಸಿಲ್ಲ, ಆದ್ದರಿಂದ ಅಲ್ಲಿ ಮತ್ತೆ ಒಬ್ಬಳು. ಈ ಮೂರನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸಿ, ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ಹುಡುಕಿ, ಇಡೀ ದೇಶದ ದುಡಿಮೆಗೆ ಒಂದೇ ಲೆಕ್ಕ ಮಾಡುವುದು ನಮ್ಮ ಕೆಲಸ. ಅದಕ್ಕೆ ಶ್ರಮಲೆಕ್ಕ ಎಂದು ಹೆಸರು. ಈ ಕೆಲಸ ಸಿಕ್ಕಿದಾಗ ನಾನು ಕುಣಿದದ್ದು ನಿನಗೆ ನೆನಪಿದೆಯಲ್ಲ. ದುಡಿಯುವವರನ್ನು ಮೊದಲು ಎಣಿಸಬೇಕು, ಎಣಿಕೆಗೆ ಬರದವರ ಹಕ್ಕನ್ನು ಯಾರೂ ಕೇಳುವುದಿಲ್ಲ ಎಂದು ಆ ಎಣ್ಣೆ ಹತ್ತಿದ ಹಾಳೆಗಳಲ್ಲೇ ಓದಿದ್ದೆ.

ಆದರೆ ಇಲ್ಲಿ ಯಾರಿದ್ದಾರೆ ಗೊತ್ತೇ? ಸರಾಸರಿ ಸಾಹೇಬರು! ಹಿರಿಯರು, ಇನ್ನೇನು ನಿವೃತ್ತರಾಗುತ್ತಾರೆ, ಎಲ್ಲರೂ ಬೆನ್ನ ಹಿಂದೆ ಕರೆಯುವುದು ಹೀಗೇ. ಕಟ್ಟಡ ಕೆಲಸದವರು ಒಂದೂವರೆ ಲಕ್ಷ ಎಂದು ಮನೆಗಳು ಹೇಳುತ್ತವೆ, ಅರ್ಧ ಲಕ್ಷ ಎಂದು ಮಾಲೀಕರು ಹೇಳುತ್ತಾರೆ. ಸಾಹೇಬರು ಚಹಾದ ಲೋಟ ಕೆಳಗಿಡದೆ, "ಕೂಡಿಸಿ ಎರಡರಿಂದ ಭಾಗಿಸು ತಾಯಿ. ಒಂದು ಲಕ್ಷ. ಇಬ್ಬರಿಗೂ ಬೇಜಾರಿಲ್ಲ" ಅಂದರು.

"ಸರ್, ಇದೇನು ಅಣ್ಣತಮ್ಮಂದಿರ ಪಾಲಾ? ಒಬ್ಬರ ಗಡಿಯಾರ ಆರು ಗಂಟೆ ಅನ್ನತ್ತೆ, ಇನ್ನೊಬ್ಬರದು ಹತ್ತು ಅನ್ನತ್ತೆ. ನೀವು ಎಂಟು ಗಂಟೆ ಅಂತ ಊಟಕ್ಕೆ ಕೂತುಬಿಡ್ತೀರಾ?"

"ಹಸಿವಾಗಿದ್ರೆ ಕೂರ್ತೀನಿ" ಅಂದರು. ಎಲ್ಲರೂ ನಕ್ಕರು. ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಕೂಡ ನಕ್ಕರು. ನಮ್ಮ ಸಭೆಯ ಮೇಜಿನ ಒಂದು ಕಾಲು ಗಿಡ್ಡ, ಅದರಡಿ ಹಳೆಯ ವಾರ್ಷಿಕ ವರದಿಯೊಂದನ್ನು ಇಟ್ಟಿದ್ದಾರೆ. ಆ ವರದಿಯ ಮೇಲೆ ಒದೆಯಬೇಕೆನಿಸಿತು.

ಒಂದು ಒಳ್ಳೆಯ ಸುದ್ದಿಯೂ ಇದೆ. ಜಗಳ ಮಾಡಿ ಮಾಡಿ ಕೋಷ್ಟಕದಲ್ಲಿ ಒಂದು ಹೊಸ ಸಾಲು ಹಾಕಿಸಿದ್ದೇನೆ. "ಮನೆಯಲ್ಲೇ ಕುಳಿತು ಬೇರೆಯವರಿಗಾಗಿ ಕೆಲಸ ಮಾಡಿಕೊಡುವವರು." ಅಂದರೆ ನೀನು. ನಂಬುವಂಥ ಉತ್ತರಗಳು ಸಾಕಷ್ಟು ಸಿಕ್ಕರೆ ಆ ಸಾಲು ಮುದ್ರಣಕ್ಕೆ ಹೋಗುತ್ತದೆ, ಸಿಗದಿದ್ದರೆ "ಇತರೆ" ಎಂಬ ಗುಂಪಿನಲ್ಲಿ ಮುಳುಗುತ್ತದೆ ಎಂದು ಮೇಡಂ ಹೇಳಿದ್ದಾರೆ. ಇದು ಬರೀ ಸಾಲಲ್ಲ ಅಕ್ಕಾ. ಕೆಲಸದಲ್ಲಿ ಗಾಯವಾದರೆ ಸಿಗುವ ವಿಮೆಯನ್ನು ಇನ್ನು ಯಾರಿಗೆ ವಿಸ್ತರಿಸಬೇಕು ಎಂದು ಮಂತ್ರಾಲಯದವರು ಇದೇ ಕೋಷ್ಟಕ ನೋಡಿ ತೀರ್ಮಾನಿಸುತ್ತಾರೆ. ಸಾಲಿಲ್ಲದವರಿಗೆ ವಿಮೆಯಿಲ್ಲ.

ಅದಿರಲಿ. ನಿನ್ನ ಪತ್ರದ ಕೊನೆಯಲ್ಲಿ "ನಿಮ್ಮ ಇಲಾಖೆಯವಳೊಬ್ಬಳು ಬಂದಿದ್ದಳು, ಪಾಪ ಬಿಸಿಲಲ್ಲಿ ನಡೆದು ಬಂದಿದ್ದಳು, ನೀರು ಕೊಟ್ಟೆ" ಎಂದು ಬರೆದು ಸುಮ್ಮನಾಗಿದ್ದೀಯಲ್ಲ! ನಮ್ಮ ಮನೆ ಸಮೀಕ್ಷೆಗೆ ಆಯ್ಕೆಯಾಗಿದೆ, ಅಷ್ಟೂ ಗೊತ್ತಾಗಲಿಲ್ಲವೇ? ನೀರು ಕೊಟ್ಟದ್ದು ಸರಿ, ಉತ್ತರ ಏನು ಕೊಟ್ಟೆ? ಕೂಡಲೇ ಬರಿ. ಫಾರಂಗಳನ್ನು ನಾನು ತೆಗೆದು ನೋಡುವಂತಿಲ್ಲ, ನೋಡುವುದೂ ಇಲ್ಲ. ನೀನೇ ಹೇಳಬೇಕು.

ಭಾವನಿಗೆ ನಮಸ್ಕಾರ. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಆದರೆ ಗಾಯದ ಕೈ ಬೇಡ, ಇನ್ನೊಂದು.

ನಿನ್ನ
ಜಗಳಗಂಟಿ

ಮರೆತಿದ್ದೆ: ಕೈಗವಸಿನ ಚೀಲಗಳನ್ನು ಬಾಗಿಲ ಪಕ್ಕ ಪೇರಿಸಬೇಡ, ಭಾವ ಎಡವಿ ಬೀಳುತ್ತಾರೆ. ಕಿಟಕಿಯ ಹತ್ತಿರ ನನ್ನ ಮಂಚ ಖಾಲಿ ಬಿದ್ದಿದೆಯಲ್ಲ, ಅದರ ಮೇಲೆ ಹಾಕು.


ವಸತಿಗೃಹ
ಏಪ್ರಿಲ್ 11

ಅಕ್ಕಾ,

ಈ ಸಲ ತಡವಾಗಿಲ್ಲ, ನೋಡು. ನಿನ್ನ ಪತ್ರ ಬಂದು ವಾರವಾದರೂ ಇನ್ನೂ ಬಿಸಿಯಾಗಿದೆ, ಓದಿದ ನಾನೂ ಬಿಸಿಯಾಗಿದ್ದೇನೆ. ನೀವಿಬ್ಬರೂ ಕ್ಷೇಮ ಎಂದು ತಿಳಿದು ಸಂತೋಷ. ಸಂತೋಷ ಅಲ್ಲಿಗೆ ಮುಗಿಯಿತು.

ನೀನೇ ಬರೆದದ್ದನ್ನು ನಿನಗೇ ಓದಿಸುತ್ತೇನೆ. "'ಮನೇಲಿ ಯಾರ್ಯಾರು ಇದ್ದೀರಿ' ಅಂದಳು. ಮೂರು ಜನ ಅಂದೆ. 'ಯಾರ್ಯಾರು ಕೆಲಸ ಮಾಡ್ತೀರಿ' ಅಂದಳು. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ನನ್ನ ತಂಗಿ ದೊಡ್ಡ ಕಚೇರಿಯಲ್ಲಿ ಅಂದೆ. 'ನೀವೇನು ಮಾಡ್ತೀರಿ' ಅಂದಳು. ನಾನೇನು ಮಾಡ್ತೀನಮ್ಮಾ, ಮನೇಲೇ ಇರ್ತೀನಿ ಅಂದೆ."

ಮನೇಲೇ ಇರ್ತೀನಿ! ಅಕ್ಕಾ, ಆಗ ಯಂತ್ರದ ಸೂಜಿಯಡಿ ಏನಿತ್ತು? ಕೈಗವಸಿನ ಹೆಬ್ಬೆರಳಿತ್ತು. ಆ ಹುಡುಗಿ ಕುಳಿತದ್ದು ಯಾವುದರ ಮೇಲೆ? ನೀನೇ ಬರೆದಿದ್ದೀ, "ಕೂರಲು ಜಾಗವಿಲ್ಲದೆ ಚೀಲದ ಮೇಲೆ ಕೂರಿಸಿದೆ" ಎಂದು. ಕೈಗವಸಿನ ಚೀಲದ ಮೇಲೆ ಕುಳಿತುಕೊಂಡು ಅವಳು "ಕೆಲಸವಿಲ್ಲ" ಎಂದು ಬರೆದುಕೊಂಡು ಹೋದಳು. ಅವಳನ್ನು ಬೈಯಲೋ, ನಿನ್ನನ್ನು ಬೈಯಲೋ?

ಕಾರಣವನ್ನೂ ಬರೆದಿದ್ದೀ. ಕಂಪನಿಯಿಂದ ಕೈಗವಸಿನ ಚೀಲ ತಂದುಕೊಡುವ ಚೀಲದ ಮಾಮ ಮೊದಲೇ ಬೀದಿಯ ಹೆಂಗಸರಿಗೆಲ್ಲ ಹೇಳಿದ್ದನಂತೆ, "ಯಾರಾದ್ರೂ ಬಂದು ಕೇಳಿದ್ರೆ ಏನೂ ಹೇಳಬೇಡಿ. ಹೇಳಿದ್ರೆ ಕೆಲಸ ಬೇರೆ ಬೀದಿಗೆ ಹೋಗತ್ತೆ" ಎಂದು. ಅವನ ಬಾಯಿ ಬಲ್ಲೆ. ಆದರೆ ಅದರ ಕೆಳಗೆ ನೀನು ಬರೆದದ್ದು ನನಗೆ ಇನ್ನೂ ಉರಿಯುತ್ತಿದೆ: "ಅದೂ ಒಂದು ಕೆಲಸ ಅಂತ ಹೇಳಿಕೊಳ್ಳೋದೇನೇ? ಬರೀ ಹೆಬ್ಬೆರಳು ತಾನೇ." ಅಮ್ಮ ಹೋದಮೇಲೆ ಆ ಬರೀ ಹೆಬ್ಬೆರಳಿನಲ್ಲೇ ನನ್ನ ಶಾಲೆ ನಡೆಯಿತು, ನನ್ನ ಕಾಲೇಜು ನಡೆಯಿತು. ನಾನು ಅನ್ನ ತಿಂದಿದ್ದೇನೆ ಅಕ್ಕಾ, ಗಾಳಿ ಕುಡಿದು ಬೆಳೆದಿಲ್ಲ.

ಮಾಲೀಕರ ಕಡೆಯದನ್ನು ಕೇಳು. ಕೈಗವಸು ಮಾಡುವ ಕಂಪನಿಗಳೆಲ್ಲ ಸೇರಿ ಕಳಿಸಿದ ಉತ್ತರದಲ್ಲಿ ಚರ್ಮ ಕತ್ತರಿಸುವವರಿದ್ದಾರೆ, ಪೆಟ್ಟಿಗೆ ಕಟ್ಟುವವರಿದ್ದಾರೆ, ಗೇಟು ಕಾಯುವವರಿದ್ದಾರೆ. ಹೆಬ್ಬೆರಳು ಹೊಲಿಯುವವರು ಒಬ್ಬರೂ ಇಲ್ಲ. ಕಾಗದದ ಪ್ರಕಾರ ಈ ದೇಶದ ಕೈಗವಸುಗಳಿಗೆ ಹೆಬ್ಬೆರಳು ತಾನಾಗಿಯೇ ಚಿಗುರುತ್ತದೆ. ಇದನ್ನು ಸಭೆಯಲ್ಲಿ ಹೇಳಿದೆ. ಸರಾಸರಿ ಸಾಹೇಬರು ಕನ್ನಡಕ ಒರೆಸುತ್ತ, "ಮಾಲೀಕರು ಇಲ್ಲ ಅಂತಾರೆ. ಆ ಹೆಂಗಸರೂ ಇಲ್ಲ ಅಂತಾರೆ. ನೀನೊಬ್ಬಳು ಇದೆ ಅಂತೀಯಾ. ಇಲ್ಲ ಮತ್ತು ಇಲ್ಲಕ್ಕೆ ಸರಾಸರಿ ತೆಗೆಯೋಕೆ ನನಗೂ ಬರಲ್ಲ ತಾಯಿ" ಅಂದರು. ನಾನು ನನ್ನ ಚೀಲವನ್ನು ಮೇಜಿನಡಿ ಇನ್ನಷ್ಟು ತಳ್ಳಿದೆ. ಯಾಕೆಂದರೆ ನಿನ್ನ ಪತ್ರ ಅದರಲ್ಲೇ ಇತ್ತು.

ಇನ್ನೊಂದು ವಿಷಯ, ಇದಕ್ಕೆ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. "ಮೂರು ಜನ" ಅಂದೆಯಲ್ಲ, ಮೂರನೆಯವಳು ಯಾರು? ನಾನು ಅಲ್ಲಿದ್ದೇನೆಯೇ? ನಿನ್ನ ಬೆರಳಿಗೆ ಪಟ್ಟಿ ಕಟ್ಟಿದ್ದಾಗ ಬಂದು ಹೋದವಳು ಆಮೇಲೆ ಬಂದೇ ಇಲ್ಲ, ವರ್ಷವೇ ಆಯಿತು. ಇಲ್ಲಿ ನಮ್ಮ ವಸತಿಗೃಹಕ್ಕೂ ಸಮೀಕ್ಷೆಯವನು ಬಂದಿದ್ದ, ನರ್ಸು ಅವಳ ಹೆಸರಿನ ಜೊತೆ ನನ್ನದನ್ನೂ ಬರೆಸಿದ್ದಾಳೆ. ಒಬ್ಬಳೇ ನಾನು, ದೇಶದ ಎರಡು ಮನೆಗಳಲ್ಲಿ ಕುಳಿತು ದುಡಿಯುತ್ತಿದ್ದೇನೆ. ನೀನು ಒಂದರಲ್ಲೂ ಇಲ್ಲ.

ಆದರೆ ನಿನ್ನ ಈ ತಪ್ಪಿನಿಂದ ಒಂದು ಉಪಕಾರವಾಯಿತು. ಕಚೇರಿ ಗುಮಾಸ್ತರು, ಅಂಗಡಿ ನೌಕರರು, ಕಾವಲುಗಾರರು, ಇವರೆಲ್ಲ ಮನೆ ಸಮೀಕ್ಷೆಯಲ್ಲಿ ಮಾಲೀಕರು ಹೇಳುವುದಕ್ಕಿಂತ ಬಹಳ ಹೆಚ್ಚು ಬರುತ್ತಿದ್ದರು. ಯಾಕೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ನಿನ್ನ ಪತ್ರ ಓದಿದ್ದೇ ತಡ, ಹೊಳೆಯಿತು. ಊರು ಬಿಟ್ಟು ಹೋದವರನ್ನು ಮನೆಯವರು ಇನ್ನೂ ಮನೆಯಲ್ಲೇ ಇದ್ದಾರೆಂದು ಬರೆಸುತ್ತಿದ್ದಾರೆ! ಕೆಲಸದ ಜಾಗ ಎಂಬಲ್ಲಿ ದಿನಾ ಹೋಗಿಬರಲಾಗದ ದೂರದ ಊರು ಇರುತ್ತದೆ, ಅದರಿಂದ ಸುಲಭವಾಗಿ ಪತ್ತೆಯಾಗುತ್ತದೆ. ನಾನು ಒಂದು ನಿಯಮ ಬರೆದುಕೊಟ್ಟೆ. ಮನೆಯಲ್ಲಿಲ್ಲದವರನ್ನು ಇದ್ದಾರೆಂದು ಹೇಳಿದ ಮನೆಯ ಫಾರಂ ಇಡಿಯಾಗಿ ತಳ್ಳಿಹಾಕುವುದು.

ಮೇಡಂ, "ಇಷ್ಟು ಕಠಿಣ ಬೇಕಾ?" ಅಂದರು.

"ಬೇಕು ಮೇಡಂ. ಒಂದು ಉತ್ತರ ಸುಳ್ಳಾದ ಮನೇಲಿ ಉಳಿದ ಉತ್ತರ ಯಾಕೆ ನಂಬಬೇಕು?"

ಸಾಹೇಬರು ಗೊಣಗಿದರು, "ಒಂದು ಹೆಸರು ಹೆಚ್ಚಿಗೆ ಬರೆಸಿದ್ದಕ್ಕೆ ಮನೇನೇ ಅಳಿಸ್ತೀಯಾ? ನಿನ್ನ ಕೈಗೆ ರಬ್ಬರು ಕೊಡಬಾರದು ಕಣಮ್ಮಾ." ನಾನು ಸೊಪ್ಪು ಹಾಕಲಿಲ್ಲ. ಅರ್ಧ ಸತ್ಯಕ್ಕೆ ಅರ್ಧ ಅಂಕ ಕೊಡುವ ಕಾಲ ಮುಗಿಯಿತು ಅಂದೆ. ಮೇಡಂ ಸಹಿ ಹಾಕಿದರು. ಬಂದಮೇಲೆ ನಾನು ಗೆದ್ದ ಎರಡನೇ ಜಗಳ ಇದು. ನಿನ್ನ ಫಾರಂ ಹೋಯಿತು, ಹೋಗಲಿ, ಅದರಲ್ಲಿ ನೀನೇ ಇರಲಿಲ್ಲ.

ಈಗ ನಾನು ಹೇಳುವುದನ್ನು ಕಿವಿಗೊಟ್ಟು ಕೇಳು. ಒಂದೇ ಮನೆಗೆ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಮೇ ತಿಂಗಳಲ್ಲಿ ಅದೇ ಹುಡುಗಿ ಮತ್ತೆ ಬರುತ್ತಾಳೆ. ಬಂದಾಗ, ಕೆಲಸ ಮಾಡುತ್ತೇನೆ ಎಂದು ಹೇಳು. ಎಷ್ಟು ಹೊತ್ತು ಎಂದರೆ ಅದನ್ನೂ ಹೇಳು. ಮತ್ತೆ ನನ್ನನ್ನು ಮನೆಯ ಲೆಕ್ಕದಿಂದ ಬಿಡು, ಇಬ್ಬರೇ ಇದ್ದೇವೆ ಎಂದು ಹೇಳು. ಎರಡೇ ಮಾತು, ಎರಡೂ ನಿಜ. ನಿಜ ಹೇಳಲು ಏನು ಕಷ್ಟ?

"ನಿನ್ನ ತಂಗಿ ದೇಶಾನೆಲ್ಲ ಎಣಿಸ್ತಾಳಂತೆ, ಊರಿನ ಬಸ್ಸಿನ ಸಮಯ ಮಾತ್ರ ಅವಳಿಗೆ ಗೊತ್ತಿಲ್ವಂತೆ" ಎಂದು ಭಾವ ಅಣಕಿಸಿದರು ಎಂದು ಬರೆದಿದ್ದೀ. ಅವರಿಗೆ ಹೇಳು, ಗೊತ್ತಿದೆ. ಆದರೆ ಅವರ ಹೆಂಡತಿ "ನಾನು ದುಡಿಯುತ್ತೇನೆ" ಎಂದು ಬಾಯಿ ಬಿಟ್ಟು ಹೇಳುವವರೆಗೆ ನಾನು ಆ ಬಸ್ಸು ಹತ್ತುವುದಿಲ್ಲ. ನೀನು ಹಟ ಕಲಿಸಿದವಳು, ನಾನು ಕಲಿತವಳು.

ಕೋಪದಲ್ಲಿ ಬರೆದಿದ್ದೇನೆ, ಆದರೂ ನಿನ್ನ ಆಶೀರ್ವಾದ ಬೇಕು. ಭಾವನಿಗೆ ನಮಸ್ಕಾರ.

ನಿನ್ನ
ಜಗಳಗಂಟಿ

ಇದೊಂದು: "ನಿನ್ನ ಮಂಚದ ಮೇಲೆ ಚೀಲ ಹಾಕಲ್ಲ, ನಾಳೆ ನೀನು ಬಂದರೆ ಎಲ್ಲಿ ಮಲಗ್ತೀ" ಎಂದು ಬರೆದಿದ್ದೀ. ನಾಳೆ ಬರುವುದಿಲ್ಲ ಎಂದು ಮೇಲೆಯೇ ಬರೆದಿದ್ದೇನಲ್ಲ. ಭಾವ ಎಡವಿ ಬಿದ್ದರೆ ಹೊಣೆ ನಾನಲ್ಲ.


ವಸತಿಗೃಹ
ಜುಲೈ 19

ನನ್ನ ಅಕ್ಕನಿಗೆ,

ತಡವಾಯಿತು, ಮತ್ತೆ. ಈ ಸಲ ಕಾಗದ ಹರಿದದ್ದರಿಂದಲ್ಲ. ಏನು ಬರೆಯಬೇಕೆಂದು ತಿಳಿಯದೆ.

ನಿನ್ನ ಪತ್ರ ಜೂನಿನಲ್ಲೇ ಬಂತು. ನೀನು ಕಚೇರಿಯ ವಿಳಾಸಕ್ಕೆ ಬರೆದಿದ್ದೆ, ಕಾರಿಡಾರಿನಲ್ಲಿ ನಿಂತೇ ಓದಿದೆ. ಫೈಲಿನ ಕಪಾಟುಗಳ ನಡುವೆ ಒಬ್ಬಳೇ ನಿಂತು ಗಟ್ಟಿಯಾಗಿ ನಕ್ಕೆ, ಯಾರೋ ಬಂದು ಏನಾಯಿತು ಎಂದು ಕೇಳಿದರು. ಆ ಭಾಗ ಈಗ ನನಗೆ ಬಾಯಿಪಾಠವಾಗಿದೆ. ಹುಡುಗಿ ಬಂದು ಕುಳಿತಿದ್ದಾಳೆ, ಅದೇ ಹೊತ್ತಿಗೆ ಸರಿಯಾಗಿ ಚೀಲದ ಮಾಮ ಹೊಸ ಚೀಲ ಹೊತ್ತು ಬಾಗಿಲಿಗೆ ಬಂದಿದ್ದಾನೆ. ಹುಡುಗಿ, "ನೀವೇನು ಮಾಡ್ತೀರಿ" ಎಂದು ಕೇಳಿದ್ದಾಳೆ. ನೀನು ಅವನ ಮುಖ ನೋಡಿದೆ, ಯಂತ್ರ ನೋಡಿದೆ, ಆಮೇಲೆ "ನಾನು ಕೈಗವಸಿಗೆ ಹೆಬ್ಬೆರಳು ಹೊಲೀತೀನಿ. ಬೆಳಗಿಂದ ಸಂಜೆವರೆಗೂ ಹೊಲೀತೀನಿ. ತಂದುಕೊಡೋರು ಇವರೇ, ಬೇಕಿದ್ರೆ ಇವರನ್ನೇ ಕೇಳಿ" ಅಂದೆ. ಮಾಮ, "ಅಯ್ಯೋ, ಏನೋ ಹೊತ್ತು ಹೋಗಲಿ ಅಂತ ಮಾಡ್ತಾರೆ" ಅಂದನಂತೆ. ನೀನು, "ಹೌದು, ಹೊತ್ತು ಹೋಗಲಿ ಅಂತ ನೀವೂ ಚೀಲ ಹೊರ್ತೀರಲ್ಲ" ಅಂದೆಯಂತೆ. ಅಕ್ಕಾ! ನನ್ನ ಅಷ್ಟೂ ಕರಪತ್ರಗಳಲ್ಲಿ ಇಂಥದೊಂದು ಮಾತಿಲ್ಲ.

ಆಮೇಲೆ ಎರಡು ವಾರ ಅವನು ಚೀಲ ತರಲಿಲ್ಲ, ನೀನು ಬೇಳೆ ಡಬ್ಬಿಯ ತಳ ಕೆರೆದೆ. ಬೇರೆ ಬೀದಿಯವರು ಹೊಲಿದ ಹೆಬ್ಬೆರಳು ಸೊಟ್ಟ ಬಂದು ಅವನೇ ವಾಪಸು ಬಂದ ಎಂದು ಓದಿದಾಗ ಉಸಿರು ಬಂತು. ಅಷ್ಟರಲ್ಲಿ ಸಮೀಕ್ಷೆಗೆ ಸಿಕ್ಕ ಪಕ್ಕದ ಮನೆಯವಳೂ ಎದುರು ಮನೆಯವಳೂ ನಿನ್ನ ಹಾಗೆಯೇ ಹೇಳಿದರಂತೆ. ನಾನು ಪತ್ರವನ್ನು ಸರಾಸರಿ ಸಾಹೇಬರ ಮುಂದೆ ಹಿಡಿದು, "ಈಗ ಹೇಳಿ ಸರ್, ಇಲ್ಲ ಅಂತಾರಾ?" ಅಂದೆ. ಅವರು ಓದಿ, "ಇವಳು ನಿನ್ನ ಅಕ್ಕನೇ ಸರಿ" ಅಂದರು.

ಅದರ ಕೆಳಗೆ ನೀನು ಬರೆದಿದ್ದದ್ದನ್ನು ನಾನು ಆ ಸಂಭ್ರಮದಲ್ಲಿ ಓದಿಯೂ ಓದಿರಲಿಲ್ಲ. "ನೀನು ಹೇಳಿದ ಒಂದು ಮಾತು ಕೇಳಿದೀನಿ, ಇನ್ನೊಂದು ಕೇಳಲ್ಲ. ಎಷ್ಟು ಜನ ಅಂದಳು, ಮೂರು ಅಂದೆ. 'ನಿಮ್ಮ ತಂಗಿ ಇಲ್ಲೇ ಇರೋದಾ' ಅಂತ ಎರಡು ಸಲ ಕೇಳಿದಳು. ಇಲ್ಲೇ, ಕೆಲಸಕ್ಕೆ ಹೋಗಿದಾಳೆ, ಬರ್ತಾಳೆ ಅಂದೆ. ಇದ್ದವಳನ್ನ ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ."

ಈ ತಿಂಗಳ ಮೊದಲಲ್ಲಿ ಕೋಷ್ಟಕದ ಕರಡು ಬಂತು. ನಮ್ಮ ಸಾಲು ಇಲ್ಲ. ಸಾಕಷ್ಟು ಉತ್ತರಗಳಿಲ್ಲ, "ಇತರೆ"ಗೆ ಸೇರಿಸಲಾಗಿದೆ ಎಂಬ ಅಡಿಟಿಪ್ಪಣಿ ಇತ್ತು. ನಾನು ಸುಮ್ಮನಿರುವವಳೇ? ಕಂಪ್ಯೂಟರಿನವರನ್ನು ಬೈದೆ. ಊರೂರಿನ ಸಮೀಕ್ಷೆಯವರು ಸೋಮಾರಿಗಳು ಅಂದೆ. ಯಾರೋ ಮಾಲೀಕರ ಮಾತು ಕೇಳಿ ಸಾಲು ತೆಗೆಸಿದ್ದಾರೆ ಎಂದು ತುಂಬಿದ ಸಭೆಯಲ್ಲಿ ಹೇಳಿದೆ, ಹೇಳುವಾಗ ಸಾಹೇಬರ ಕಡೆಯೇ ನೋಡಿದೆ. ಮೇಡಂ ಮಾತ್ರ ತಣ್ಣಗೆ, "ಉತ್ತರಗಳು ಬಂದಿದ್ವು. ತಳ್ಳಿಹಾಕಿದ ಫಾರಂಗಳು ಎಂಥ ಬೀದಿಗಳಿಂದ ಬಂದಿವೆ ಅಂತ ಒಂದು ಸಲ ನೋಡು. ಹೆಸರು ವಿಳಾಸ ಬೇಡ, ಬೀದಿ ಎಂಥದ್ದು ಅಂತ ಮಾತ್ರ" ಅಂದರು.

ನೋಡಿದೆ. ನೋಡುವುದಕ್ಕೆ ಏನೂ ಇರಲಿಲ್ಲ ಅಕ್ಕಾ, ಎಲ್ಲ ನಮ್ಮ ಬೀದಿಯಂಥವೇ. ಮಗನೋ ಮಗಳೋ ತಮ್ಮನೋ ದೂರದ ಊರಿಗೆ ಕೆಲಸಕ್ಕೆ ಹೋದ ಮನೆಗಳು. ಹಿಂದೆ ಉಳಿದ ಹೆಂಗಸು ಕಿಟಕಿಯ ಬೆಳಕಿಗೆ ಕುಳಿತು ಹೊಲಿಯುತ್ತಾಳೆ, ಅಂಟಿಸುತ್ತಾಳೆ, ಮಡಚುತ್ತಾಳೆ. ಮನೆಯಲ್ಲಿ ಕುಳಿತು ದುಡಿಯುವವಳೂ ಹೋದವರನ್ನು ಇನ್ನೂ ಇದ್ದಾರೆಂದು ಬರೆಸುವವಳೂ ಒಬ್ಬಳೇ. ಅವಳ ಒಂದು ಉತ್ತರಕ್ಕಾಗಿ ಅವಳ ಇಡೀ ಮನೆಯನ್ನು ನನ್ನ ನಿಯಮ ಗುಡಿಸಿ ಹಾಕಿತ್ತು. ಸಾಲನ್ನು ಯಾವ ಮಾಲೀಕನೂ ತೆಗೆಸಿರಲಿಲ್ಲ. ಚೀಲದ ಮಾಮನ ಮುಖ ನೋಡಿಕೊಂಡು ನೀನು ಹೇಳಿದ ಮಾತು ಈ ದೇಶದ ಯಾವ ಲೆಕ್ಕಕ್ಕೂ ಬರಲಿಲ್ಲ. ಬರದಂತೆ ಮಾಡಿದ್ದು ನಿನ್ನ ಫಾರಂ ನೋಡದ ನಾನೇ.

ಸಾಹೇಬರು ಆವತ್ತು ನನ್ನ ಮೇಜಿಗೆ ಒಂದು ಲೋಟ ಚಹಾ ತಂದಿಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ವಾಸಿಯಿತ್ತು. "ನಾನಾಗಿದ್ರೆ ಅರ್ಧ ಆದ್ರೂ ಉಳಿಸ್ತಿದ್ದೆ ತಾಯಿ" ಅಂದು ಹೋದರು.

ಒಂದು ವಾರ ಕುಳಿತು ನಿಯಮ ಬದಲಿಸಿದ್ದೇನೆ. ಇನ್ನು ಮನೆಯನ್ನು ತಳ್ಳಿಹಾಕುವುದಿಲ್ಲ, ಮನೆಯಲ್ಲಿಲ್ಲದ ಹೆಸರನ್ನು ಮಾತ್ರ ತೆಗೆಯುವುದು. ಆದರೆ ಯಾರು ಇಲ್ಲ ಎಂದು ನಾವು ಇಲ್ಲಿ ಕುಳಿತು ಊಹಿಸುವಂತಿಲ್ಲ, ಅದನ್ನು ಮನೆಯವರೇ ಹೇಳಬೇಕು ಎಂಬುದು ಮೇಡಂ ಷರತ್ತು. ಅದಕ್ಕೊಂದು ಹೊಸ ಪ್ರಶ್ನೆ ಬೇಕಾಯಿತು. ಬರೆದವಳು ನಾನೇ. "ಈ ವ್ಯಕ್ತಿ ಕಳೆದ ಆರು ತಿಂಗಳಲ್ಲಿ ಒಂದು ರಾತ್ರಿಯಾದರೂ ಈ ಮನೆಯಲ್ಲಿ ಮಲಗಿದ್ದಾರೆಯೇ?" ಇಲ್ಲ ಎಂದರೆ ಆ ಹೆಸರು ಹೋಗುತ್ತದೆ, ಮನೆ ಉಳಿಯುತ್ತದೆ. ಹೌದು ಎಂದರೆ, ಮತ್ತು ಕೆಲಸ ದೂರದ ಊರಿನಲ್ಲಿದ್ದರೆ, ಆ ಫಾರಂ ಅನುಮಾನದ ಕಟ್ಟಿಗೇ ಹೋಗಿ ಕೂರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಮೇಡಂ ಓದಿ ನೋಡಿ, "ಒಳ್ಳೆ ಪ್ರಶ್ನೆ. ಯಾರಿಗೂ ನೋವಾಗೋ ಹಾಗಿಲ್ಲ" ಅಂದರು.

ಮೊದಲ ಮುದ್ರಣದಲ್ಲಿ ನಮ್ಮ ಸಾಲು ಇರುವುದಿಲ್ಲ. ಮುಂದಿನದರಲ್ಲಿ ಬರಬಹುದು, ಆಗಸ್ಟಿನ ಉತ್ತರಗಳು ತಳ್ಳಿಹೋಗದೆ ನಿಂತರೆ. ಬಂದರೆ ವಿಮೆಯ ಮಾತು ಮತ್ತೆ ಏಳುತ್ತದೆ. ಆಗಸ್ಟಿನಲ್ಲಿ ಆ ಹುಡುಗಿ ಕೊನೆಯ ಸಲ ಬರುತ್ತಾಳೆ. ಹೆಬ್ಬೆರಳಿನ ಮಾತನ್ನು ಹೋದ ಸಲ ಹೇಳಿದಂತೆಯೇ ಹೇಳು, ಗಂಟೆಗಳನ್ನು ಕಡಿಮೆ ಮಾಡಿ ಹೇಳಬೇಡ. ಆಮೇಲೆ ಅವಳು ನನ್ನ ಪ್ರಶ್ನೆ ಕೇಳುತ್ತಾಳೆ. ನೀನು ಇಲ್ಲ ಎಂದು ಹೇಳಬೇಕು.

ನಿನ್ನ ಬೆರಳಿಗೆ ಒಳ್ಳೆಯದಾಗಲಿ. ಭಾವನಿಗೆ ನಮಸ್ಕಾರ ಹೇಳು, ಅವರು ಅಣಕಿಸಿದ್ದು ಸರಿಯೇ ಎಂದೂ ಹೇಳು. ಯಾವಾಗಲೂ ನಾನು ಆಶೀರ್ವಾದ ಕೇಳುತ್ತೇನೆ. ಈ ಸಲ ಹಾರೈಸುವವಳು ನಾನು: ನಿನ್ನ ಯಂತ್ರ ನಿಲ್ಲದಿರಲಿ, ನಿನ್ನ ಮಾತು ಲೆಕ್ಕದಲ್ಲಿ ನಿಲ್ಲಲಿ.

ನಿನ್ನ ತಂಗಿ

ಇನ್ನೊಂದು ಮಾತು. ಮೊನ್ನೆ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಶನಿವಾರ ಸಂಜೆ ಹೊರಟರೆ ತಡರಾತ್ರಿಗೆ ಮನೆ ಸೇರಿ, ಭಾನುವಾರ ನಿನ್ನ ಜೊತೆ ಇದ್ದು ಬರಬಹುದು. ಸರತಿಯಲ್ಲಿ ನಿಂತು ಕಿಟಕಿಯ ಹತ್ತಿರ ಬಂದಾಗ ನೆನಪಾಯಿತು. ನಾನು ಬಂದು ಒಂದು ರಾತ್ರಿ ಮಲಗಿದರೆ ನೀನು ಹೌದು ಎನ್ನುತ್ತೀ, ಅದು ನಿಜವೂ ಆಗಿರುತ್ತದೆ, ಮತ್ತೆ ನಿನ್ನ ಫಾರಂ ಹೋಗುತ್ತದೆ. ಟಿಕೆಟು ತೆಗೆದುಕೊಳ್ಳದೆ ವಾಪಸು ಬಂದೆ. ಕೋಪದಿಂದ ಬಾರದೆ ಇದ್ದದ್ದು ಬೇರೆ, ಇದು ಬೇರೆ. ಪ್ರಶ್ನೆ ಬರೆಯುವಾಗ ಅದಕ್ಕೆ ನಾನೂ ಉತ್ತರ ಹೇಳಬೇಕಾಗುತ್ತದೆ ಎಂದು ಹೊಳೆದಿರಲಿಲ್ಲ. ಹೇಳಿ ನೋಡಿದೆ. ನಾನು ಆ ಮನೆಯಲ್ಲಿಲ್ಲ ಅಕ್ಕಾ. ಇದನ್ನು ನಿನ್ನ ಬಾಯಿಂದ ಹೇಳಿಸುತ್ತಿದ್ದೇನೆ. ಆ ಹುಡುಗಿ ಬಂದುಹೋದ ಮೇಲೆ ಬರುತ್ತೇನೆ, ನೆಂಟರು ಬಂದ ಹಾಗೆ, ನೆಲದ ಮೇಲೆ ಹಾಸಿಕೊಂಡು ಮಲಗುತ್ತೇನೆ. ಚೀಲಗಳನ್ನು ನನ್ನ ಮಂಚದ ಮೇಲೆ ಹಾಕು.